ಅತ್ತೆ ಕಟ್ಟಿದ ಕೌದಿ

ನಕ್ಷತ್ರದ ಬೆಳಕನ್ನು ಮರೆಮಾಡಿ ಅದರ ಪಕ್ಕದ ಗ್ರಹವನ್ನು ನೋಡುವ ದೂರದರ್ಶಕಗಳನ್ನು ಆಕಾಶಕ್ಕೆ ಕಳಿಸುತ್ತಾರಂತೆ. ಪತ್ರಿಕೆಯಲ್ಲಿ ಓದಿದೆ. ನಾನು ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ. ಇದನ್ನು ಮಾತ್ರ ಕೂಡಲೇ ನಂಬಿದೆ. ಭಾಲ್ಕಿಯ ನಮ್ಮ ಮಾಳಿಗೆಯ ಮೇಲೆ ಸೋದರತ್ತೆ ಹಳೆ ಬಟ್ಟೆ ಹೊಲಿದ ಒಂದು ಕೌದಿಯಿಂದ ಅದೇ ಕೆಲಸ ಮಾಡಿದ್ದಳು, ತನಗೇ ಗೊತ್ತಿಲ್ಲದೆ.

ಬೀದರ ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಮೈಸೂರು ಕಡೆಯ ಮಾಸ್ತರರೊಬ್ಬರು ನಮ್ಮ ಶಾಲೆಗೆ ಬಂದು, ನಮ್ಮ ಹಿತ್ತಲ ಕೋಣೆಯಲ್ಲೇ ಬಾಡಿಗೆಗಿದ್ದರು. ಮಾತು ಬಲು ನಯ. ಓಣಿಯವರಿಗೆ ಅನುಮಾನ ಹುಟ್ಟಲು ಅಷ್ಟೇ ಸಾಕಾಯಿತು. ಅದರ ಮೇಲೆ, ದಿನಾ ಬಿಸಿಲೇರುವ ಹೊತ್ತಿಗೆ ಹಿತ್ತಲ ಮೂಲೆಯಲ್ಲಿ ನಿಂತು ನಮ್ಮ ಮಾಳಿಗೆಯ ಕಡೆಗೇ ಕತ್ತೆತ್ತಿ ನೋಡುತ್ತಿದ್ದರು. ಮಾಳಿಗೆಯ ಮೇಲೆ ಅವ್ವ, ಅತ್ತೆ ಉದ್ದು ಒಣಹಾಕುತ್ತಿದ್ದರು.

ಅತ್ತೆ ಎರಡು ಬಿದಿರು ನಿಲ್ಲಿಸಿ ಅಡ್ಡಲಾಗಿ ಕೌದಿ ಕಟ್ಟಿದಳು. ಮರುದಿನ ಮಾಸ್ತರರು ಕೈಮುಗಿದು, "ಅಮ್ಮಾ, ಆ ಹೊದಿಕೆ ಹಾಗೇ ಇರಲಿ, ಬಹಳ ಉಪಕಾರವಾಯಿತು" ಎಂದರು. ಮರೆ ಕಟ್ಟಿದರೆ ಖುಷಿಪಡುವ ಗಂಡಸನ್ನು ಅತ್ತೆ ತಾನು ಮದುವೆಯಾಗಿ ಹೋದ ಔರಾದದಲ್ಲೂ ಕಂಡಿರಲಿಲ್ಲ. ಮೈಯೆಲ್ಲ ಉರಿದು, ನನ್ನತ್ತ ಬೆರಳು ತೋರಿಸಿ ಅಪ್ಪನಿಗೆ ಹೇಳಿದಳು:

"ನಾಳಿಂದ ಇಕಿ ಸಾಲಿಗಿ ಹೋಗೋದು ಬ್ಯಾಡ. ಆ ಮಾಸ್ತರನ ನೋಟ ಛಲೋ ಇಲ್ಲ."

ಅಪ್ಪ ಅಕ್ಕನ ಮಾತು ಮೀರುವವನಲ್ಲ. ಓಣಿಯಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಮಾಸ್ತರರು ನಿಲ್ಲುವಲ್ಲಿ ನೀನೇ ನಿಂತು ನೋಡು ಎಂದು ಅತ್ತೆಗೆ ಗಂಟುಬಿದ್ದೆ.

ನಿಂತಳು. ಅವ್ವ ಕಾಣಲಿಲ್ಲ, ಉದ್ದೂ ಕಾಣಲಿಲ್ಲ. ಕಂಡದ್ದು ಕೌದಿ, ಅದರ ಹಿಂದೆ ಅಡಗಿದ ಸೂರ್ಯ. ಮಾಸ್ತರರು ದೂರದಲ್ಲೇ ನಿಂತು, ಇನ್ನೂ ಮೇಲೆ, ಬೇವಿನ ಮರದ ತುದಿಯ ಆಚೆಗೆ ನೋಡಲು ಹೇಳಿದರು. ನೀಲಿಯಲ್ಲಿ ಸಣ್ಣದೊಂದು ಬಿಳಿ ಚುಕ್ಕಿ. ಅತ್ತೆ ಬಿಸಿಲಿಗೆ ಒಂದು ಹೆಜ್ಜೆ ಸರಿದಳು. ಕಣ್ಣು ಕುಕ್ಕಿ ಚುಕ್ಕಿ ಮಾಯವಾಯಿತು. ನೆರಳಿಗೆ ಬಂದಳು, ಹುಡುಕಿದಳು, ಮತ್ತೆ ಸಿಕ್ಕಿತು.

"ಇದು ನಮ್ಮ ನಸುಕಿನ ಬೆಳ್ಳಿಚುಕ್ಕಿ ಅಲ್ಲೇನ್ರಿ? ನಾ ಜ್ವಾಳ ಬೀಸಾಕ ಏಳೋ ಹೊತ್ತಿಗಿ ಇರ್ತದ. ಹಗಲಿನ್ಯಾಗ ಇಲ್ಲಿ ಏನ್ ಮಾಡ್ತದ?"

ಅದು ಎಲ್ಲಿಗೂ ಹೋಗಿರುವುದಿಲ್ಲ, ಸೂರ್ಯನ ಬೆಳಕು ಕಾಣಗೊಡುವುದಿಲ್ಲ ಅಷ್ಟೇ ಎಂದರು ಮಾಸ್ತರರು. ಅತ್ತೆ ಒಮ್ಮೆ ಚುಕ್ಕಿಯನ್ನು, ಒಮ್ಮೆ ಅವರನ್ನು ಅಳೆಯುವಂತೆ ನೋಡಿದಳು. ಆಮೇಲೆ ಒಳಗೆ ಬಂದು ಅಪ್ಪನಿಗೆ ಅಂದಳು:

"ಹೋಗಲಿ ಸಾಲಿಗಿ. ಕೌದಿ ಮಾತ್ರ ಬಿಚ್ಚಬ್ಯಾಡ್ರಿ."

ಚುಕ್ಕಿ ಕಾಣಲೆಂದೋ, ಮಾಸ್ತರರ ನೋಟಕ್ಕೆ ಮರೆಯಿರಲೆಂದೋ, ಆಕೆಗೇ ಗೊತ್ತು. ಆಕೆ ಮನಸ್ಸು ಬದಲಿಸುವ ಮೊದಲೇ ಪಾಟಿ ಹಿಡಿದು ಶಾಲೆಗೆ ಓಡಿದೆ.