ಬಾಯಲ್ಲಿ ಹಿಡಿದ ನೀರು

ಸಾಹೇಬರು ನನ್ನ ಪಾಠ ನೋಡಲು ಬರುವ ದಿನ ಏನೇನೋ ಆಗಬಹುದಿತ್ತು. ಕಳಸದಿಂದ ಬರುವ ಜೀಪು ಏರಿನಲ್ಲಿ ಕೆಟ್ಟು, ಸಾಹೇಬರು ನಡೆದೇ ಬಂದು, ಆ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಬಹುದಿತ್ತು. ಮಂಗಗಳು ಹೆಂಚು ಸರಿಸಿ ತರಗತಿಯೊಳಗೆ ಇಣುಕಬಹುದಿತ್ತು. ಬಿಸಿಯೂಟದ ಸಾರು ತಳ ಹಿಡಿಯಬಹುದಿತ್ತು. ಸಾಹೇಬರು ಕೂತ ಕೂಡಲೇ ಹಿಂದಿನ ಬೆಂಚಿನ ಕಾಲು ಮುರಿಯಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ತರಗತಿಯಲ್ಲಿ ಬಾಯಿಬಿಡದ ಆ ಒಬ್ಬ ಹುಡುಗಿಯ ಅಪ್ಪ ಅಮ್ಮ ಹಿಂದಿನ ದಿನವೇ ಗಂಟುಮೂಟೆ ಕಟ್ಟಿಕೊಂಡು ಆಲ್ದೂರಿನ ಕಡೆಯ ಯಾವುದೋ ಎಸ್ಟೇಟಿಗೆ ಹೊರಟುಹೋಗಿರಬಹುದಿತ್ತು. ಬೆಳಿಗ್ಗೆ ತಿಂಡಿ ತಟ್ಟೆಯ ಮುಂದೆ ಇದನ್ನೆಲ್ಲ ಹೆಂಡತಿಗೆ ಒಪ್ಪಿಸಿದೆ.

"ತಿನ್ನಿ ಮಾರಾಯ್ರೇ. ಬೆಂಚು ಮುರಿದ್ರೆ ಬೀಳೋದು ಅವ್ರು, ನೀವಲ್ಲ" ಎಂದಳು.

ಇಷ್ಟಕ್ಕೆಲ್ಲ ಕಾರಣ ಆ ವರ್ಷ ನಾನು ಬರೆದುಕೊಟ್ಟ ಗುರಿ. ನಮ್ಮ ಶಾಲೆಗಳ ಮೇಲ್ವಿಚಾರಣೆಯ ಸಾಹೇಬರು ಶಿಕ್ಷಕರನ್ನೆಲ್ಲ ಕರೆದು, ನಿಮ್ಮನ್ನು ನೀವೇ ಪರೀಕ್ಷಿಸಿಕೊಂಡು, ಸುಧಾರಿಸಿಕೊಳ್ಳಬೇಕಾದ ಒಂದು ಗುರಿ ಬರೆಯಿರಿ ಎಂದಿದ್ದರು. ನಾನು ಅದನ್ನು ನಂಬಿಬಿಟ್ಟೆ. ಮೊಬೈಲನ್ನು ಮೇಜಿನ ಮೇಲಿಟ್ಟು ನನ್ನದೇ ಒಂದು ಪಾಠ ರೆಕಾರ್ಡ್ ಮಾಡಿ ಮನೆಯಲ್ಲಿ ಕೇಳಿದೆ. ಮೈಯೆಲ್ಲ ಉರಿಯಿತು. ಪ್ರಶ್ನೆ ಕೇಳುವವನೂ ನಾನೇ, ಅದೇ ಉಸಿರಿನಲ್ಲಿ ಉತ್ತರ ಹೇಳುವವನೂ ನಾನೇ, ಕೊನೆಗೆ ಭೇಷ್ ಎನ್ನುವವನೂ ನಾನೇ. ಮಕ್ಕಳು ಇದ್ದರೋ ಇಲ್ಲವೋ ಅನುಮಾನ. ಹಾಗಾಗಿ ಬರೆದುಕೊಟ್ಟೆ: ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುತ್ತೇನೆ.

ಉಳಿದವರೆಲ್ಲ ವಾಟ್ಸಾಪಿನಲ್ಲಿ ಓಡಾಡುತ್ತಿದ್ದ ಹಳೇ ಮೆಸೇಜಿನಿಂದ 'ತಂತ್ರಜ್ಞಾನದ ಪರಿಣಾಮಕಾರಿ ಬಳಕೆ' ಎಂದು ಇಳಿಸಿಕೊಂಡಿದ್ದರು. ಅವೆಲ್ಲ ಪಾಸಾದವು. ನನ್ನದನ್ನು ಮಾತ್ರ ಸಾಹೇಬರು ಸಭೆಯಲ್ಲಿ ಗಟ್ಟಿಯಾಗಿ ಓದಿದರು.

"ಸುಮ್ನಿರೋದೂ ಒಂದು ಗುರಿಯಾ ಮೇಷ್ಟ್ರೇ? ಸುಮ್ನಿರಕ್ಕೆ ಸರ್ಕಾರ ನಿಮಗ್ಯಾಕೆ ಸಂಬಳ ಕೊಡ್ಬೇಕು?"

ಸಭೆ ನಕ್ಕಿತು. ಆ ನಗು ನೆನಪಾದರೆ ಈಗಲೂ ಹಲ್ಲು ಕಡಿಯುತ್ತೇನೆ. ಕನ್ನಡಿ ನೋಡಿಕೊಳ್ಳಿ ಎಂದವರೇ, ಕಂಡ ಮುಖ ಬೇಡ, ಎಲ್ಲರೂ ಹಾಕಿಕೊಂಡಿರುವ ಈ ಮುಖ ಹಾಕಿಕೊಳ್ಳಿ ಎಂದರೆ ಏನರ್ಥ? ಬದಲಾಯಿಸುವುದಿಲ್ಲ ಎಂದೆ. ಹಾಗಾದರೆ ನಾನೇ ಬಂದು ನೋಡುತ್ತೇನೆ ಎಂದರು ಸಾಹೇಬರು.

ಸುಮ್ಮನಿರುವುದು ನನ್ನಂಥ ಬಾಯಿಬಡುಕನಿಗೆ ಸುಲಭವಲ್ಲ. ಕೊನೆಗೊಂದು ಉಪಾಯ ಹೊಳೆಯಿತು. ಪ್ರಶ್ನೆ ಕೇಳಿದೊಡನೆ ಬಾಟಲಿಯಿಂದ ಬಾಯಿ ತುಂಬ ನೀರು ತುಂಬಿಕೊಳ್ಳುವುದು, ಮಗು ಮಾತಾಡುವ ತನಕ ನುಂಗದಿರುವುದು. ಮೊದಮೊದಲು ಮಕ್ಕಳು ನಕ್ಕರು. ಆಮೇಲೆ, ಸರ್ ನೀರು ತುಂಬಿಕೊಂಡರೆ ತಮ್ಮ ಸರದಿ ಎಂದು ತಿಳಿದುಕೊಂಡರು. ವರ್ಷಗಟ್ಟಲೆ ಬಾಯಿಬಿಡದವರೂ ಬಿಟ್ಟರು. ಒಬ್ಬಳು ಮಾತ್ರ ಇಲ್ಲ. ಕಾಫಿ ಕೊಯ್ಲಿಗೆಂದು ಅಸ್ಸಾಮಿನಿಂದ ಬಂದು ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿದ್ದವರ ಮಗಳು. ಆಟದ ಬಯಲಲ್ಲಿ ಕನ್ನಡದಲ್ಲೇ ಜಗಳವಾಡುತ್ತಿದ್ದಳು, ಒಳಗೆ ಬಂದರೆ ಗಪ್‌ಚಿಪ್. ಕೊಯ್ಲು ಮುಗಿಯುತ್ತ ಬಂದಿತ್ತು. ಅವರು ಹೊರಡುವುದರೊಳಗೆ ಒಂದೇ ಒಂದು ಸಲ ತರಗತಿಯಲ್ಲಿ ಅವಳ ದನಿ ಕೇಳಬೇಕು ಎಂಬುದು ನನ್ನ ಹಟವಾಗಿತ್ತು.

ಆ ದಿನ ಜೀಪು ಸಲೀಸಾಗಿ ಬಂತು. ಮಂಗಗಳಿಗೆ ಬೇರೆ ಕೆಲಸವಿತ್ತು. ಬೆಂಚು ಸಾಹೇಬರನ್ನು ತಡೆದುಕೊಂಡಿತು. ಹುಡುಗಿಯೂ ತನ್ನ ಜಾಗದಲ್ಲಿದ್ದಳು. ಕಣದಲ್ಲಿ ಹರವಿದ ಕಾಫಿ ಒಣಗುತ್ತದಲ್ಲ, ಅದರಲ್ಲಿದ್ದ ನೀರು ಎಲ್ಲಿಗೆ ಹೋಯಿತು ಎಂದು ಅವಳನ್ನೇ ಕೇಳಿ, ಬಾಟಲಿ ಎತ್ತಿದೆ.

ಅವಳು ಕಿಟಕಿಯಾಚೆ ಎಸ್ಟೇಟಿನ ಕಣದ ಕಡೆ ನೋಡಿದಳು. ಉಳಿದ ಮಕ್ಕಳು ಪಿಟ್ಟೆನ್ನಲಿಲ್ಲ; ಕಾಯುವುದನ್ನು ಅವರೂ ಕಲಿತಿದ್ದರು. ನನ್ನ ಕೆನ್ನೆ ನೋಯತೊಡಗಿತು. ಅವಳ ಕೈ ಮೆಲ್ಲಗೆ ಆಕಾಶದ ಕಡೆ ಎದ್ದಿತು. ತುಟಿ ಬಿಚ್ಚಿತು.

"ಆವಿಯಾಗುತ್ತೆ" ಎಂದರು ಸಾಹೇಬರು, ಹಿಂದಿನ ಬೆಂಚಿನಿಂದ. "ಅಷ್ಟೂ ಗೊತ್ತಿಲ್ವಾ?"

ಹುಡುಗಿ ಕೈ ಇಳಿಸಿದಳು. ಸ್ವಲ್ಪ ಸುಮ್ಮನಿರಿ ಸ್ವಾಮೀ ಎನ್ನಲು ಹೊರಟೆ. ಬಾಯಿ ತುಂಬ ನೀರಿತ್ತು.