ತಾನಾಗಿ ನಿಲ್ಲದ ಮಗ್ಗ

ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಬನಹಟ್ಟಿಯ ಮಗ್ಗಗಳು ತಾವಾಗಿಯೇ ನಿಲ್ಲುತ್ತವೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ವಿದ್ಯುತ್ತಿನಿಂದ ಓಡುವ ಮಗ್ಗಕ್ಕೆ ಸಾವಿನ ಸುದ್ದಿ ಮುಟ್ಟಿಸುವವರು ಯಾರು ಎಂಬ ಅನುಮಾನ ನನಗೆ ಆಗಲೇ ಇತ್ತು.

ಅದೇ ಮಾತು ಬನಹಟ್ಟಿಯ ನೇಕಾರರ ಮನೆಯ ಹುಡುಗಿ ಶೈಲಾ ಬರೆದ ಕಥೆಯಲ್ಲಿಯೂ ಬಂದಿತ್ತು. ಹೊಸ ಕಥೆಗಾರರಿಗೆಂದು ವಿದೇಶದವರು ಕೊಡುವ ಬಹುಮಾನಕ್ಕಾಗಿ ನಾನು ಅದನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದೆ. ಮನಸ್ಸು ಒಪ್ಪದೆ ಅವಳ ಮನೆಗೇ ಹೋದೆ.

"ಇದು ಖರೇನ, ಶೈಲಾ?"

"ಇರಲಿ ಬಿಡ್ರಿ ಅಕ್ಕಾರ. ಇದನ್ನ ತಗದ್ರ ಹೊರದೇಶದವ್ರು ನನ್ನ ಕಥಿ ಯಾಕ ಓದ್ತಾರ?"

ಮಗ್ಗದ ಬಳಿಯಿದ್ದ ಅವಳ ತಾಯಿ ನಕ್ಕರು. "ತಾವಾ ಹೆಂಗ ನಿಲ್ತಾವಬೇ, ಹುಚ್ಚಿ? ಅಳೂ ದನಿ ಕೇಳಿದವ್ರು ಮೊದಲ ಬಂದ್ ಮಾಡ್ತಾರ. ಅವರ ಮಗ್ಗದ ಸಪ್ಪಳ ನಿಂತಿದ್ದಕ್ಕ ಬಾಜೂದವ್ರು ಬಂದ್ ಮಾಡ್ತಾರ. ಹೇಳಾಕ ಯಾರೂ ಬರೂದಿಲ್ಲ."

ಶೈಲಾ ಮುಖ ಸಣ್ಣದು ಮಾಡಿಕೊಂಡೇ ಆ ಭಾಗವನ್ನು ತಾಯಿ ಹೇಳಿದಂತೆ ತಿದ್ದಿದಳು. ಬಹುಮಾನ ಬಂತು, ಕಥೆ ಕಡಲಾಚೆಯ ಓದುಗರನ್ನು ಮುಟ್ಟಿತು.

ತಾಯಿಯ ಮಾತನ್ನೂ ನಾನು ಪೂರ್ತಿ ನಂಬಿರಲಿಲ್ಲ. ಮುಂದೆ ಆ ಓಣಿಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಹೋಗಿ ಮನೆಮನೆಯಲ್ಲಿ ವಿಚಾರಿಸಿದೆ. ಎಲ್ಲಕ್ಕಿಂತ ಮೊದಲು ನಿಂತದ್ದು, ಆ ಹಿರಿಯರೊಡನೆ ವರ್ಷಗಳಿಂದ ಮಾತು ಬಿಟ್ಟಿದ್ದ ಎದುರುಮನೆಯವರ ಮಗ್ಗ.