ತಮ್ಮ ‘ಹೌದು’ ಎಂದು ಬರೆದ ಪ್ರಶ್ನೆ

ಆ ಸೋಮವಾರ ಬೆಳಿಗ್ಗೆ ಅಂಗಳ ಸಾರಿಸಿದೆ, ನೀರು ತುಂಬಿದೆ, ಲಿಂಗಪೂಜೆ ಮುಗಿಸಿದೆ, ಮೆಂತ್ಯೆ ಸೊಪ್ಪು ಸೋಸಿಟ್ಟೆ, ತಮ್ಮನ ಬಿಳಿ ಅಂಗಿಗೆ ಇಸ್ತ್ರಿ ಮಾಡಿದೆ, ಅವನ ಹಳೇ ಔಷಧದ ಚೀಟಿಗಳನ್ನು ತಾರೀಖಿನ ಪ್ರಕಾರ ಫೈಲಿಗೆ ಹಾಕಿದೆ. ಎಂಟೂವರೆಗೆ ಶಿವಬಸವ ನಗರದ ಮನೆಯಿಂದ ಇಬ್ಬರೂ ಹೊರಟೆವು.

ತಮ್ಮ ಪೈಲಟ್. ಅಪ್ಪ ತೀರಿಕೊಂಡ ವರ್ಷ ಖಿನ್ನತೆ ಹಿಡಿದು ನಾಲ್ಕು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅದನ್ನು ವೈದ್ಯಕೀಯ ಅರ್ಜಿಯಲ್ಲಿ ತಾನೇ ಬರೆದ, ಮುಚ್ಚಿಡಲಿಲ್ಲ. ಹಾರಾಟ ನಿಂತಿತು. ಈಗ ಗುಳಿಗೆ ಬಿಟ್ಟು ವರ್ಷವಾಗಿತ್ತು. ಮನಸ್ಸಿನ ಪರೀಕ್ಷೆಯ ವರದಿ ಚಲೋ ಬಂದರಷ್ಟೇ ಮತ್ತೆ ಸರ್ಟಿಫಿಕೇಟು, ಮತ್ತೆ ವಿಮಾನ.

ಪರೀಕ್ಷೆ ಮೂರು ತಾಸು ನಡೆಯಿತು. ನೂರಾರು ವಾಕ್ಯ, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ. ಮುಗಿದ ಮೇಲೆ, ಪರೀಕ್ಷೆ ನಡೆಸಿದ ಮೈಸೂರು ಕಡೆಯ ಮನಃಶಾಸ್ತ್ರಜ್ಞೆ ನನ್ನೊಬ್ಬಳನ್ನೇ ಒಳಗೆ ಕರೆದರು.

“ಸತ್ತವರ ಜೊತೆ ಮಾತಾಡ್ತೀರಾ ಅನ್ನೋದಕ್ಕೆ ನಿಮ್ಮ ತಮ್ಮ ಹೌದು ಅಂತ ಬರೆದಿದ್ದಾರೆ.”

ನನಗೆ ನಗು ಬಂತು. “ನಾವೆಲ್ಲಾರೂ ಮಾತಾಡ್ತೀವಿ ತಗೋರಿ. ಅಪ್ಪನ್ನ ಖಾನಾಪುರದ ಹೊಲದಾಗ ಕುಂದರಿಸಿ ಮಣ್ಣು ಮಾಡೇವಿ. ಹೋದಾಗೆಲ್ಲಾ ಮಳಿ ಆತು, ಎಮ್ಮಿ ಈತು ಅಂತ ಹೇಳಬೇಕು. ಹೇಳದ ಬಂದ್ರ ನಮ್ಮ ಚಿಗವ್ವ ಬೈತಾಳ.”

ಅವರೂ ನಕ್ಕರು. ಆದರೆ ಪೆನ್ನು ಕೆಳಗಿಡಲಿಲ್ಲ. “ಅವರು ಉತ್ತರ ಕೊಡ್ತಾರಾ?”

“ಇಲ್ರಿ. ಯಾರಿಗೂ ಇಲ್ಲ.”

“ತಮ್ಮನಿಗೂ?”

“ಅವಗೂ ಇಲ್ರಿ.”

ಮನೆತನದ ಪದ್ಧತಿ ಎಂದು ಬರೆದುಕೊಂಡರು. ವರದಿ ಗುರುವಾರ ಹೋಗುತ್ತದೆ, ಅಷ್ಟರೊಳಗೆ ಏನಾದರೂ ನೆನಪಾದರೆ ಫೋನ್ ಮಾಡಿ ಅಂದರು.

ಮಧ್ಯಾಹ್ನದ ಬಸ್ಸಿಗೆ ಖಾನಾಪುರಕ್ಕೆ ಹೋದೆವು, ಅಪ್ಪನಿಗೆ ಹೇಳಲಿಕ್ಕೆ. ಹೊಲದಲ್ಲಿ ಗಾಳಿಯೇ ಇರಲಿಲ್ಲ. ಜೋಳದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಪ್ಪನ ಸಮಾಧಿಯ ಗದ್ದುಗೆಗೆ ವಿಭೂತಿ ಹಚ್ಚಿ “ಪರೀಕ್ಷಾ ಆತಪಾ” ಎಂದು ಹೇಳಿ ನಾನು ತಿರುಗಿದೆ. ಅಷ್ಟೇ ನಮ್ಮ ರೂಢಿ.

ತಮ್ಮ ತಿರುಗಲಿಲ್ಲ. “ಅಪ್ಪಾ, ಮತ್ತ ಹಾರ್ಲೇನು?” ಎಂದು ಕೇಳಿ ತಲೆ ಓರೆ ಮಾಡಿ ನಿಂತ. ಒಬ್ಬರು ಉತ್ತರ ಕೊಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ ಮೆಲ್ಲಗೆ ಅಂದ: “ಮಳಿ ಮುಗದ ಮ್ಯಾಲ.”

ನಾನು ಅವನ ಹತ್ತಿರ ಹೋದೆ. ಕೆಳಗೆ ವಿಮಾನ ನಿಲ್ದಾಣದವರು ರೇಡಿಯೋದಲ್ಲಿ ಹೇಳಿದ್ದನ್ನು ಪೈಲಟ್ ಅದೇ ಮಾತಿನಲ್ಲಿ ತಿರುಗಿ ಒಪ್ಪಿಸಬೇಕು, ಕೇಳಿಸಿತು ಅನ್ನಲಿಕ್ಕೆ ಅದೇ ಗುರುತು ಎಂದು ಅವನೇ ನನಗೆ ಹಿಂದೆ ಹೇಳಿದ್ದ. ಅದೇ ಸ್ವರ ಇದು.

“ಖರೇ ಹೇಳೋ, ಕೇಳಿಸ್ತೇನು?”

“ನಿನಗ ಕೇಳಿಸಲಿಲ್ಲೇನು? ಕಿವಿ ತೋರಿಸ್ಕೋ ಅಕ್ಕಾ, ಮುದುಕಿ ಆದಿ,” ಎಂದು ನಕ್ಕ.

ಬಸ್ಸಿನಲ್ಲಿ ಅವನ ಮುಖವನ್ನೇ ನೋಡಿದೆ. ಅಪ್ಪ ಹೋದ ಮೂರು ವರ್ಷದಲ್ಲಿ ಅಷ್ಟು ನಿರಾಳವಾಗಿ ಕಂಡಿರಲಿಲ್ಲ. ಕಡೆಗೆ ಹೇಳಿಬಿಟ್ಟೆ: “ಉತ್ತರ ಬರಂಗಿಲ್ಲ ಅಂತ ನಾ ಆ ಮೇಡಮ್ಮಗ ಹೇಳಿ ಬಂದೀನಿ.”

ಅವನ ನಗು ನಿಂತಿತು. ಕಿಟಕಿಯಿಂದ ನನ್ನ ಕಡೆ ತಿರುಗಿ, “ಹಂಗಾರ ನಾನ ಫೋನ್ ಮಾಡ್ತೀನಿ. ಅರ್ಜಿಯೊಳಗ ಮುಚ್ಚಿಡಲಿಲ್ಲ, ಇದನ್ನ ಯಾಕ?” ಅಂದ.

ಮನೆಗೆ ಬಂದವನೇ ಕೋಣೆಯ ಬಾಗಿಲು ಹಾಕಿಕೊಂಡು ಫೋನ್ ಮಾಡಿದ. ಹೊರಗೆ ಬಂದು, “ಎಲ್ಲಾ ಹೇಳೇನಿ. ನಾಳಿ ಮತ್ತ ಬಾ ಅಂದ್ರು. ವರದಿ ಸದ್ಯ ಕಳಸಂಗಿಲ್ಲಂತ,” ಅಂದ. ನಾನು ರೊಟ್ಟಿ ಬಡಿಯಲು ಒಳಗೆ ಹೋದೆ.

ರೊಟ್ಟಿ, ಮೆಂತ್ಯೆ ಪಲ್ಯ, ಗಟ್ಟಿ ಮೊಸರು ಉಂಡೆವು. ಅವನು ಮೂರು ರೊಟ್ಟಿ ತಿಂದ, ನಾನು ಒಂದು. ಮೊದಲು ಮಲಗಿದವನು ಅವನೇ.